ಕುಂಬಳೆಯ ಮರುವಾಯಿ

ಘಾಟ್ಕೋಪರ್‌ನ ಮೀನು ಮಾರುಕಟ್ಟೆಯಲ್ಲಿ ತಿಸರ್ಯಾ, ಅಂದರೆ ನಮ್ಮ ಮರುವಾಯಿ, ಕೊಳ್ಳುವಾಗ ಬಾಯಿ ತೆರೆದು ಸತ್ತವನ್ನು ಹೆಂಡತಿ ಬದಿಗೆ ಸರಿಸುತ್ತಾಳೆ. "ಚೆನ್ನಾಗಿ ಬೇಯಿಸಿದರೆ ಏನೂ ಆಗದು ಮಾರಾಯ್ತಿ" ಅನ್ನುತ್ತಿದ್ದೆ, 1983ರ ಕುಂಬಳೆಯ ಕಥೆ ಓದುವವರೆಗೆ.

ಆ ವರ್ಷ ಕುಂಬಳೆ ಅಳಿವೆಯ ಮರುವಾಯಿ ತಿಂದವರು ಹಾಸಿಗೆ ಹಿಡಿದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಇದು ಲಕ್ವ ಹೊಡೆಸುವ ಚಿಪ್ಪುಮೀನಿನ ವಿಷವೆಂದು 1984ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು.

ಮರುವಾಯಿ ನೀರು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ವಿಷಪಾಚಿ ಹೆಚ್ಚಿದರೆ ಆ ವಿಷ ಅದರ ಮಾಂಸದಲ್ಲಿ ಕೂರುತ್ತದೆ. ಚಿಪ್ಪು ಆರೋಗ್ಯವಾಗಿಯೇ ಇರುತ್ತದೆ, ವಾಸನೆ ಬದಲಾಗದು, ಕುದಿಸಿದರೂ ವಿಷ ಹೋಗದು. ತಿಂದವರ ತುಟಿ ಜುಮ್ಮೆನ್ನುತ್ತದೆ. ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಪ್ರತಿವಿಷವಿಲ್ಲ, ಕೃತಕ ಉಸಿರಾಟವೊಂದೇ ಆಸರೆ. 1793ರಲ್ಲಿ ಕೆನಡಾದ ಕರಾವಳಿಯಲ್ಲಿ ವ್ಯಾಂಕೂವರನ ನಾವಿಕ ಜಾನ್ ಕಾರ್ಟರ್ ಹೀಗೇ ಸತ್ತ.

ಅಂದರೆ ಅಡುಗೆಮನೆಯ ಜಾಣತನ ಇಲ್ಲಿ ನಡೆಯದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ದೋಷ ಬಂದದ್ದು ಮೊದಲ ಹಂತದಲ್ಲೇ. ಪರೀಕ್ಷೆ ನಡೆಯಬೇಕಾದ್ದು ನೀರಿನಲ್ಲಿ. ಕಳೆದ ಭಾನುವಾರ ಮಾರುವಾಕೆಯನ್ನು ಎಲ್ಲಿಯದೆಂದು ಕೇಳಿದೆ. "ಖಾಡಿ ಕಾ," ಅಂದಳು. ಯಾವ ಖಾಡಿ ಎಂದಾಗ ನಕ್ಕು ಮುಂದಿನ ಗಿರಾಕಿಯತ್ತ ತಿರುಗಿದಳು. ನಾವು ಬಂಗುಡೆ ಕೊಂಡೆವು.