ಪದ ಪರಿಚಯ: ಊರು ಬಿಟ್ಟವರ ಹೆಸರು

ಪರದೇಸಿ

ಮಧುಗಿರಿ, ಪಾವಗಡದ ಕಡೆ ಇದು ಬೈಗುಳ. 'ಪರದೇಸಿ ನನ್ಮಗ' ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ಆದರೆ ಮಗ ದುಬೈನಲ್ಲಿ ಕೆಲಸಕ್ಕಿದ್ದರೆ ಅವನನ್ನು ಯಾರೂ ಹೀಗೆ ಕರೆಯರು, ಅವನು 'ಫಾರಿನ್‌ನಲ್ಲವ್ನೆ'. ಹಟ್ಟಿಯಲ್ಲಿ ಒಬ್ಬಳೇ ಉಳಿದ ತಾಯಿಯೇ 'ನಾನು ಪರದೇಸಿ ಆಗ್ಬಿಟ್ಟೆ' ಅನ್ನುತ್ತಾಳೆ. ಹೋದವನ ಹೆಸರು ಉಳಿದವಳ ಪಾಲಿಗೆ!

ಮೂಲ ಸಂಸ್ಕೃತದ 'ಪರದೇಶಿ', ಬೇರೆ ನಾಡಿನವನು, ಅಷ್ಟೆ. ನೆಲೆ ಇಲ್ಲ, ನೆಂಟರಿಲ್ಲ, ಸಾಲ ಕೊಡುವವರಿಲ್ಲ; ಹಾಗಾಗಿ ಅರ್ಥ ಅನಾಥನತ್ತ ಜಾರಿತು. ತಮಿಳಿನಲ್ಲಿ ಇನ್ನೂ ಕೆಳಗಿಳಿದು ಭಿಕ್ಷುಕನಾಯಿತು. ಮಲಯಾಳದಲ್ಲಿ ಹಳೆಯ ಅರ್ಥವೇ ಗಟ್ಟಿ: ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದಿ ಮಂದಿರಕ್ಕೆ ಇಂದಿಗೂ 'ಪರದೇಶಿ' ಎಂದೇ ಹೆಸರು. ಮರಾಠಿಗರಿಗೆ ಪರದೇಶಿ ಎಂದರೆ ಉತ್ತರ ಭಾರತದವನೂ ಹೌದು. ಹಿಂದಿ ಸಿನಿಮಾದಲ್ಲಿ ಮಾತ್ರ ಅವನು ದೂರ ಹೋದ ನಲ್ಲ.

ಇದಕ್ಕೊಂದು ಅವಳಿ ಪದವಿದೆ, 'ಗರೀಬ'. ಅರಬ್ಬಿಯಲ್ಲಿ ಅದು ಪರಕೀಯ. ಬೀದರಿನ ಬಹಮನಿ ಆಸ್ಥಾನಕ್ಕೆ ಇರಾನಿನ ಕಡೆಯಿಂದ ಬಂದವರನ್ನು ಗರೀಬರೆನ್ನುತ್ತಿದ್ದರು. ಗೀಲಾನಿನ ಮಹಮೂದ್ ಗವಾನನೂ ಅವರಲ್ಲೊಬ್ಬ. ಪ್ರಧಾನಿಯಾದ, 1472ರಲ್ಲಿ ಮದರಸ ಕಟ್ಟಿಸಿದ, 1481ರಲ್ಲಿ ಸ್ಥಳೀಯರ ಪಿತೂರಿಗೆ ತಲೆ ಕೊಟ್ಟ. ಅಂಥ ಸಿರಿವಂತ 'ಗರೀಬ'! ನಮ್ಮಲ್ಲೀಗ ಅದಕ್ಕೆ ಬಡವ ಎಂದಷ್ಟೇ ಅರ್ಥ.

ನಮ್ಮ ಶಿರಾದಲ್ಲೂ ಇಂಥ ಪರದೇಸಿಗಳಿದ್ದರು. 1687ರ ಬಳಿಕ ಅದು ಮೊಗಲರ ಸುಬೆಯಾದಾಗ ಅಧಿಕಾರ ನಡೆಸಿದವರು ಹೊರಗಿನಿಂದ ಬಂದ ಫೌಜುದಾರರು. ಅವರನ್ನು ಆ ಹೆಸರಿನಿಂದ ಬೈಯುವ ಧೈರ್ಯ ಯಾರಿಗಿದ್ದೀತು? ದುಬೈಗೆ ಹೋದ ಮಗನಿಗೆ ಈಗಿನ ಸರ್ಕಾರಿ ಕಾಗದದಲ್ಲಿ 'ಅನಿವಾಸಿ' ಎಂಬ ಹೆಸರಿದೆ. ಅದರಲ್ಲಿ ಬೈಗುಳವೂ ಇಲ್ಲ, ಸಂಕಟವೂ ಇಲ್ಲ.