ಪದ ಪರಿಚಯ: ಟರ್ಬೊ

ಟರ್ಬೊ (ನಾಮಪದ): ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ, ‘ಟರ್ಬೊಚಾರ್ಜರ್’ ಎಂಬುದರ ಮೊಟಕು ರೂಪ.

ಮೂಲ: ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಬುಗುರಿ, ಸುಂಟರಗಾಳಿ ಎಂಬ ಅರ್ಥಗಳಿವೆ. ಇದೇ ಬೇರಿನಿಂದ 1822ರಲ್ಲಿ ಫ್ರಾನ್ಸಿನ ಕ್ಲೋಡ್ ಬುರ್ದಾಂ ‘ಟರ್ಬೈನ್’ ಪದವನ್ನು ಕಟ್ಟಿದರು. ಕೊಳ್ಳೇಗಾಲದ ನೆರೆಯ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತಿಗಾಗಿ ಕಾವೇರಿ ತಿರುಗಿಸುತ್ತಿರುವುದೂ ಟರ್ಬೈನನ್ನೇ. ವಾಹನದಲ್ಲಿ ನೀರಿನ ಕೆಲಸವನ್ನು ಎಂಜಿನ್ನಿನ ಹೊಗೆ ಮಾಡುತ್ತದೆ. ಗಾಳಿ ತುಂಬಲು ಅದು ತಿರುಗಿಸುವ ಟರ್ಬೈನ್ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ.

ಬಳಕೆ: ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವ ಡೀಸೆಲ್ ಗಾಡಿಗಳಿಗೆ ಏರಿನಲ್ಲಿ ಬಲ ಕೊಡುವುದು ಟರ್ಬೊ. ‘ಬೂಸ್ಟ್’ ಎಂದರೆ ತುಂಬುವ ಗಾಳಿಯ ಒತ್ತಡ. ‘ಟರ್ಬೊ ಲ್ಯಾಗ್’ ಎಂದರೆ ಆಕ್ಸಿಲರೇಟರ್ ತುಳಿದ ಮೇಲೆ ಎಳೆತ ಬರುವವರೆಗಿನ ವಿಳಂಬ. ‘ರೀಮ್ಯಾಪ್’ ಎಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ ಬೂಸ್ಟ್ ಏರಿಸುವುದು.

ರೇಸ್ ಟ್ರ್ಯಾಕಿಗೆಂದು ಸ್ವಂತ ಕೈಯಿಂದ ಕಾರು ಹದಗೊಳಿಸುವವರು ನೆನಪಿಡಬೇಕು: ಗಾಳಿ ಹೆಚ್ಚಿಸಿ ಇಂಧನವನ್ನೂ ತಂಪನ್ನೂ ಹೊಂದಿಸದಿದ್ದರೆ ಪಿಸ್ಟನ್ ಕರಗಬಹುದು. ವೇಗದ ಪರೀಕ್ಷೆಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕುಗಳಿವೆ. ಬೆಟ್ಟದ ತಿರುವುಗಳನ್ನು ಯಾತ್ರಿಕರಿಗೆ ಬಿಡಿ.