ಬೆಳ್ಳಾರದ ಗುಂಡಿಗಳು

ನಮ್ಮ ಕೆಂಕೆರೆ, ಹುಳಿಯಾರು ಸೀಮೆಯಲ್ಲಿ ಸಿರಿ ಎಂದರೆ ಕೊಬ್ಬರಿ. ಆದರೆ ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳ್ಳಾರದಲ್ಲಿ ಹಿಂದಿನವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿವೆ. ಪಕ್ಕದ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ನಮ್ಮ ಕಾಲದಲ್ಲೇ ಹಟ್ಟಿ ಚಿನ್ನದ ಗಣಿ ಕಂಪನಿಯವರು ಗಣಿ ನಡೆಸಿದರು. ಎರಡೂ ಊರು ಚಿತ್ರದುರ್ಗದ ಕಡೆಯಿಂದ ಹಾದುಬಂದ ಒಂದೇ ಶಿಲಾಪಟ್ಟಿಯ ಮೇಲಿವೆ. ಕಬ್ಬಿಣ, ಮ್ಯಾಂಗನೀಸ್, ಚಿನ್ನ ಎಲ್ಲ ಅದರ ಒಡಲಲ್ಲೇ.

ಈಚೆಗೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಕ್ಯಾಲಿಫೋರ್ನಿಯಾದ ಹಳೇ ಗಣಿಯಲ್ಲಿ ಒಬ್ಬ ಮೆಟಲ್ ಡಿಟೆಕ್ಟರ್ ಆಡಿಸುತ್ತ ಹೋಗಿ ಹುಣಸೆಬೀಜದಷ್ಟು ಚಿನ್ನ ಎತ್ತುತ್ತಾನೆ. "ಮೇಷ್ಟ್ರೇ, ಇಂಥದ್ದೊಂದು ಮಿಷನ್ ತರಿಸಿದ್ರೆ ಬೆಳ್ಳಾರದಲ್ಲೂ ಸಿಗಲ್ವಾ?" ಅಂದ.

ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1853ರಿಂದ ಕೊಳವೆಯಲ್ಲಿ ರಭಸದ ನೀರು ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸಿದರು. ಕೆಸರು ಹೊಳೆ ತುಂಬಿ ಹೊಲ ಮುಚ್ಚಿತು. ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಅದಕ್ಕೆ ತಡೆ ಹಾಕಿದ. ಬುಡದ ಬಂಡೆಯ ಸಂದಿಗಳಲ್ಲಿ ಉಳಿದುಕೊಂಡ ಗಟ್ಟಿಗಳು ಈಗ ಮಿಷನ್ನಿಗೆ ಸಿಗುತ್ತವೆ. ನಮ್ಮ ಚಿನ್ನದ ಜಾಯಮಾನವೇ ಬೇರೆ. ಬೆಳ್ಳಾರದಲ್ಲಿ ಬೆಣಚುಕಲ್ಲಿನ ಎಳೆಯಲ್ಲಿ, ಅಜ್ಜನಹಳ್ಳಿಯಲ್ಲಿ ಕಬ್ಬಿಣದ ಪಟ್ಟೆಗಲ್ಲಿನಲ್ಲಿ ಅದು ಪುಡಿಪುಡಿಯಾಗಿ ಅಡಗಿದೆ. ಅಷ್ಟು ಸಣ್ಣ ಕಣ ಮಿಷನ್ನಿಗೆ ತಿಳಿಯುವುದಿಲ್ಲ. ಕಬ್ಬಿಣ ತುಂಬಿದ ಈ ನೆಲದಲ್ಲಿ ಅದು ಹೆಜ್ಜೆಹೆಜ್ಜೆಗೂ ಸುಳ್ಳೇ ಕೂಗುತ್ತದೆ.

ನಮ್ಮ ಪೂರ್ವಿಕರು ನಂಬಿದ್ದು ನೀರನ್ನು, ಕಣ್ಣನ್ನು. ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಜಲಗಾರರಿದ್ದರು. ಮಳೆ ಹೊಯ್ದು ಹಳ್ಳ ಇಳಿದ ಮೇಲೆ ತಿರುವಿನಲ್ಲಿ ಕೂತ ಮರಳು ಬಾಚುವರು. ಮರದ ಮರಿಗೆಗೆ ಹಾಕಿ, ನೀರು ಹೊಯ್ದು, ಕೈಯಲ್ಲಿ ಕದಡಿ, ಹಗುರ ಮಣ್ಣನ್ನು ಚೆಲ್ಲುತ್ತ ಹೋಗುವರು. ಕೊನೆಗೆ ತಳದಲ್ಲಿ ಹಿಡಿ ಕಪ್ಪು ಮರಳು, ಅದರ ಅಂಚಿಗೆ ಹಳದಿ ಗೆರೆ. 1802ರಲ್ಲಿ ಕೋಲಾರದ ಕಡೆ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ ಚಿನ್ನ ತೋರಿಸಿದ್ದೂ ಹೀಗೆ ಮಣ್ಣು ತೊಳೆದ ಹಳ್ಳಿಗರೇ. ಇತಿಹಾಸದಲ್ಲಿ ಅವನ ಹೆಸರು ಉಳಿಯಿತು, ಅವರದು ಉಳಿಯಲಿಲ್ಲ. ನನಗೆ ಅದು ಇಂದಿಗೂ ಸಂಕಟ.

ಬಂಡೆ ಸೀಳುವ ವಿದ್ಯೆಯೂ ನಮ್ಮ ಪೂರ್ವಿಕರಿಗಿತ್ತು. ಸೌದೆ ಒಟ್ಟಿ ಉರಿ ಹಾಕಿ, ಕಾದ ಕಲ್ಲಿಗೆ ನೀರು ಸುರಿದು ಬಿರಿಸುತ್ತಿದ್ದರು. ಹಟ್ಟಿಯಲ್ಲಿ ಸುಮಾರು 2000 ವರ್ಷದ ಹಿಂದೆಯೇ 600 ಅಡಿಗೂ ಆಳಕ್ಕೆ ಇಳಿದಿದ್ದಾರೆ. ಸಿಡಿಮದ್ದಿಲ್ಲ, ಪಂಪಿಲ್ಲ. ಮೇಲೆ ತಂದ ಅದಿರನ್ನು ಅರೆದರೆದು ಅಲ್ಲಿನ ಬಂಡೆಗಳಲ್ಲಿ ಗುಳಿ ಬಿದ್ದಿವೆ.

ಇಂಥ ಗುಳಿಬಿದ್ದ ಕಲ್ಲು, ಬೆಣಚಿನ ಗುಪ್ಪೆ, ಇದ್ದಿಲ ಚೂರು, ಇವೇ ಆ ಜನರ ಗುರುತು. ನಿಧಿಯಾಸೆಗೆ ರಾತ್ರಿ ಹಾರೆ ಹಾಕುವವರು ಮೊದಲು ಹಾಳುಮಾಡುವುದು ಇವನ್ನೇ. ನಮ್ಮ ಕಡೆ ಕುರಿ ಮೇಯಿಸುವ ಅಣ್ಣಂದಿರಿಗೆ ಹೇಳಿಟ್ಟಿದ್ದೇನೆ: ಅಂಥ ಕಲ್ಲು ಕಂಡರೆ ಹೊರಳಿಸಬೇಡಿ, ಇದ್ದಲ್ಲೇ ಇರಲಿ, ನನಗೊಂದು ಫೋನ್ ಮಾಡಿ, ಟೇಪು ಪುಸ್ತಕ ಹಿಡಿದು ಬರುತ್ತೇನೆ.